ಇನ್ನರ್ಧ ಪರ್ತ್‌ನಲ್ಲಿ

ಹಲಸೂರಿನಲ್ಲಿ ಹುಟ್ಟಿ ಬೆಳೆದವಳು ಎಂದರೆ ಬಸವನಗುಡಿ, ಮಲ್ಲೇಶ್ವರದ ಕಡೆಯ ನೆಂಟರು ನನ್ನನ್ನು ಇಂದಿಗೂ ಒಂದು ಥರಾ ನೋಡುತ್ತಾರೆ. "ಅಲ್ಲಿ ಕನ್ನಡ ಮಾತಾಡೋರು ಸಿಗ್ತಾರೇನಮ್ಮಾ?" ಎಂದು ಕೇಳಿದವರೂ ಉಂಟು. ಸಿಗುತ್ತಾರೆ. ಕನ್ನಡದ ಜೊತೆಗೆ ತಮಿಳು, ತೆಲುಗು, ಉರ್ದು, ಇಂಗ್ಲಿಷು ಎಲ್ಲವೂ ಸಿಗುತ್ತವೆ, ಅದೂ ಒಂದೇ ವಾಕ್ಯದಲ್ಲಿ. ಮೂವತ್ತು ವರ್ಷದಿಂದ ಶಿವಾಜಿನಗರದ ಮಕ್ಕಳಿಗೆ ಸಂಧಿ ಸಮಾಸ ಹೇಳಿಕೊಟ್ಟವಳು ನಾನು. ಯಾವ ಮಾತು ಯಾರ ಮನೆಯಿಂದ ಬಂತು ಎಂದು ವಿಚಾರಿಸುವುದನ್ನು ಬಿಟ್ಟು ಬಹಳ ಕಾಲವಾಯಿತು.

ನಮ್ಮ ಕಡೆಯ ಸದ್ದುಗಳೂ ಹಾಗೆಯೇ. ಸೋಮೇಶ್ವರನ ಗುಡಿಯ ಗಂಟೆ, ಮಸೀದಿಯ ಬಾಂಗು, ಕೆರೆಯಾಚೆ ಮದ್ರಾಸ್ ಸ್ಯಾಪರ್ಸ್ ಸೈನಿಕರ ಬ್ಯಾಂಡಿನ ಅಭ್ಯಾಸ. ಸೆಪ್ಟೆಂಬರ್ ಬಂತೆಂದರೆ ಶಿವಾಜಿನಗರದ ಸೇಂಟ್ ಮೇರಿ ಹಬ್ಬದ ಗದ್ದಲ. ಇವೆಲ್ಲದರ ನಡುವೆ ನಮ್ಮ ಮನೆಗೆ ಮಾತ್ರ ಕೇಳುತ್ತಿದ್ದ ಇನ್ನೊಂದು ಸದ್ದು ಪಕ್ಕದ ಹೆಂಚಿನ ಮನೆಯ ಪಿಯಾನೋ.

ಆ ಮನೆಯಲ್ಲಿದ್ದವರನ್ನು ಬೀದಿಯ ಮಕ್ಕಳೆಲ್ಲ 'ಪಿಯಾನೋ ಮಿಸ್ಸಮ್ಮ' ಎನ್ನುತ್ತಿದ್ದೆವು. ಆಂಗ್ಲೋ ಇಂಡಿಯನ್ ಹೆಂಗಸು, ಮದುವೆಯಾಗಿರಲಿಲ್ಲ, ಹಾಸಿಗೆ ಹಿಡಿದ ತಾಯಿ ಜೊತೆಗಿದ್ದರು. ಸಂಜೆ ನಾಲ್ಕರಿಂದ ಏಳರವರೆಗೆ ಮಕ್ಕಳು ಬಂದು ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳುತ್ತಿದ್ದರು. ಅದೇ ನಾಲ್ಕು ಸಾಲು, ಅದೇ ತಪ್ಪು, ದಿನವೂ. ನಮ್ಮಮ್ಮ ಅಕ್ಕಿ ಆರಿಸುತ್ತಾ, "ಇವತ್ತೂ ಆ ಹುಡುಗ ಅಲ್ಲೇ ಎಡವಿದ ನೋಡು" ಎನ್ನುವಷ್ಟರ ಮಟ್ಟಿಗೆ ಆ ಪಾಠ ನಮ್ಮದೂ ಆಗಿಬಿಟ್ಟಿತ್ತು. ಮಕ್ಕಳು ಹೋದ ಮೇಲೆ, ತಾಯಿಗೆ ಗಂಜಿ ಕುಡಿಸಿ ಮಲಗಿಸಿ, ಎಂಟರ ಹೊತ್ತಿಗೆ ಮಿಸ್ಸಮ್ಮ ತಮಗಾಗಿ ನುಡಿಸಿಕೊಳ್ಳುತ್ತಿದ್ದರು. ಅದೊಂದು ವಿಚಿತ್ರ ಸಂಗೀತ. ನಿಧಾನವಾಗಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುವುದು. ಮತ್ತೆ ನಾಲ್ಕು ಹೆಜ್ಜೆ. ಒಮ್ಮೊಮ್ಮೆ ಒಂದು ಸುಂದರವಾದ ಎಳೆ ಹುಟ್ಟುವುದು, ಅದು ಮುಗಿಯುವ ಮೊದಲೇ ಮತ್ತೆ ಬರೀ ಹೆಜ್ಜೆ. ಚುಕ್ಕಿ ಇಟ್ಟು ಗೆರೆ ಎಳೆಯದೆ ಎದ್ದುಹೋದ ರಂಗೋಲಿಯಂತೆ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಐದು ವರ್ಷ ವೀಣೆ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ ಜಂಬ ಬೇರೆ. ಒಂದು ದಿನ ಹುಳಿಯ ಬಟ್ಟಲು ಕೊಡಲು ಹೋದವಳು ಕೇಳಿಯೇಬಿಟ್ಟೆ: "ಮಿಸ್, ನಡುನಡುವೆ ಯಾಕೆ ನಿಲ್ಲಿಸ್ತೀರಿ?" ಮಿಸ್ಸಮ್ಮ ತಮ್ಮ ಕಂಟೋನ್ಮೆಂಟು ಕನ್ನಡದಲ್ಲಿ, "ನಾನ್ ಎಲ್ಲಿ ನಿಲ್ಸ್ದೆ? ಇದು ಅರ್ಧ ಮಾತ್ರ ಕಣಮ್ಮಾ. ಇನ್ನರ್ಧ ಪರ್ತ್‌ನಲ್ಲಿ ಐತೆ" ಎಂದರು.

ಇನ್ನರ್ಧ ಎಂದರೆ ಅವರ ತಮ್ಮ. ಚೆಲ್ಲೋ ನುಡಿಸುತ್ತಿದ್ದನಂತೆ. ಚೆಲ್ಲೋ ಎಂದರೆ ನಮ್ಮ ಪಿಟೀಲಿನ ಅಣ್ಣ ಎನ್ನಿ. ನಾಲ್ಕಡಿ ಎತ್ತರ, ಕೆಳಗೆ ಒಂದು ಮೊಳೆಕಾಲು, ಮಂಡಿಗಳ ನಡುವೆ ನಿಲ್ಲಿಸಿಕೊಂಡು ಕುರ್ಚಿಯಲ್ಲಿ ಕೂತು ಕಮಾನು ಎಳೆಯಬೇಕು. ತಂತಿ ನಾಲ್ಕೇ, ದನಿ ಮಾತ್ರ ಗಂಡಸಿನ ಗಂಟಲಿನದು. ಅಕ್ಕ ತಮ್ಮ ಇಬ್ಬರೂ ಕ್ರಿಸ್‌ಮಸ್ಸಿಗೆ ಇಗರ್ಜಿಯಲ್ಲಿ ನುಡಿಸುತ್ತಿದ್ದರಂತೆ, ಮನೆಯಲ್ಲಿ ದಿನಾ ರಾತ್ರಿ ಜೊತೆಗೆ ಕೂಡುತ್ತಿದ್ದರಂತೆ. 1969ರಲ್ಲಿ ತಮ್ಮ ಹೆಂಡತಿಯೊಂದಿಗೆ ಆಸ್ಟ್ರೇಲಿಯಾಕ್ಕೆ ಹೊರಟ. ಆಗ ಕಾಕ್ಸ್ ಟೌನು, ರಿಚರ್ಡ್ಸ್ ಟೌನುಗಳಿಂದ ಎಷ್ಟೋ ಮನೆಯವರು ಹಾಗೆ ಗಂಟುಮೂಟೆ ಕಟ್ಟಿದ್ದರು. ಚೆಲ್ಲೋ ಹಡಗು ಹತ್ತಿತು, ಪಿಯಾನೋ ಇಲ್ಲೇ ಉಳಿಯಿತು. ತಾಯಿಯೂ ಉಳಿದರು, ಆದ್ದರಿಂದ ಮಗಳೂ ಉಳಿದಳು.

"ಹಾಗಾದರೆ ನಿಮ್ಮದು ಪಕ್ಕವಾದ್ಯ ಅನ್ನಿ" ಎಂದೆ, ತಿಳಿದವಳ ಹಾಗೆ. ಮಿಸ್ಸಮ್ಮನಿಗೆ ರೇಗಿತು. ಪುಸ್ತಕ ತೆಗೆದು ತೋರಿಸಿದರು. ಮೇಲೆ ಒಂದೇ ಒಂದು ಸಾಲು, ಅದು ಚೆಲ್ಲೋದ್ದು. ಕೆಳಗೆ ಎರಡು ಸಾಲು ತುಂಬಾ ಇರುವೆ ಮುತ್ತಿದಂತೆ ಕಪ್ಪು ಚುಕ್ಕಿ, ಅದು ಪಿಯಾನೋದ್ದು. "ನೋಡು, ಯಾರಿಗೆ ಕೆಲಸ ಜಾಸ್ತಿ? ಯಾರು ಪಕ್ಕ?" ಎಂದರು.

ನಮ್ಮ ಕಚೇರಿಗೂ ಅವರ ಸೊನಾಟಾಕ್ಕೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆಗ. ನಮ್ಮಲ್ಲಿ ಹಾಡುವವರು ಮುಂದೆ, ಪಿಟೀಲಿನವರು ನೆರಳಿನಂತೆ ಹಿಂದೆ. ಸೊನಾಟಾ ಎಂಬ ಇಟಲಿಯ ಮಾತಿಗೆ 'ನುಡಿಸಿದ್ದು' ಎಂದಷ್ಟೇ ಅರ್ಥ; 'ಹಾಡಿದ್ದು' ಎಂಬ ಕ್ಯಾಂಟಾಟಾಕ್ಕೆ ಜೋಡಿ. ಮೂರೋ ನಾಲ್ಕೋ ಭಾಗಗಳ ದೊಡ್ಡ ರಚನೆ, ಎಲ್ಲವನ್ನೂ ಬರೆದಿಟ್ಟಿರುತ್ತಾರೆ. ಹತ್ತೊಂಬತ್ತನೆಯ ಶತಮಾನಕ್ಕೆ ಬರುವ ಹೊತ್ತಿಗೆ ಚೆಲ್ಲೋ ಪಿಯಾನೋಗಳ ಸೊನಾಟಾದಲ್ಲಿ ಇಬ್ಬರೂ ಸರಿಸಮ. ಜರ್ಮನಿಯ ಬ್ರಾಮ್ಸ್ 1865ರಲ್ಲಿ ಮುಗಿಸಿದ ಇಂಥದೇ ಸೊನಾಟಾ ಒಂದಿದೆ. ಅದನ್ನು ಅರ್ಪಿಸಿದ್ದು ಹವ್ಯಾಸಕ್ಕೆ ಚೆಲ್ಲೋ ನುಡಿಸುತ್ತಿದ್ದ ಗೆಳೆಯ ಗೆನ್ಸ್‌ಬಾಕರ್ ಎಂಬ ಹಾಡಿನ ಮೇಷ್ಟರಿಗೆ. ನುಡಿಸಲು ಕೂತಾಗ ಬ್ರಾಮ್ಸ್ ಪಿಯಾನೋವನ್ನು ಬಡಿದ ಅಬ್ಬರಕ್ಕೆ ಪಾಪ, ಗೆಳೆಯ ತನ್ನ ವಾದ್ಯ ತನಗೇ ಕೇಳಿಸುತ್ತಿಲ್ಲವೆಂದು ಗೋಳಾಡಿದನಂತೆ. ನೀನೇ ಪುಣ್ಯವಂತ ಎಂಬರ್ಥದ ಉತ್ತರ ಬಂತಂತೆ! ಮಿಸ್ಸಮ್ಮ ಈ ಕಥೆ ಹೇಳಿ ತಾವೇ ನಗುತ್ತಿದ್ದರು. ನನಗೆ ನಮ್ಮ ಪಿಟೀಲು ಚೌಡಯ್ಯನವರ ನೆನಪು. ಮೈಕಿಲ್ಲದ ಕಾಲದಲ್ಲಿ ಸಭೆಗೆ ಕೇಳಿಸಲೆಂದು ಅವರು ಪಿಟೀಲಿಗೆ ಏಳು ತಂತಿ ಕಟ್ಟಿಕೊಂಡರಲ್ಲ. ಪಕ್ಕದಲ್ಲಿ ಕೂತವರಿಗೂ ಕೇಳಿಸಬೇಕೆಂಬ ಆಸೆ ಇರುವುದಿಲ್ಲವೇ?

ಆದರೆ ಮಿಸ್ಸಮ್ಮ ರಾತ್ರಿ ನುಡಿಸುತ್ತಿದ್ದದ್ದು ಬ್ರಾಮ್ಸ್‌ನದಲ್ಲ. ಅದು ಶೋಪ್ಯಾನ್ ಎಂಬುವನದು. ಪೋಲೆಂಡಿನಲ್ಲಿ 1810ರಲ್ಲಿ ಹುಟ್ಟಿ, ಇಪ್ಪತ್ತು ವರ್ಷಕ್ಕೇ ದೇಶ ಬಿಟ್ಟು, ಪ್ಯಾರಿಸ್ಸಿನಲ್ಲಿ ನೆಲೆನಿಂತು, ಮತ್ತೆಂದೂ ಊರಿಗೆ ಮರಳದವನು. ಬರೆದದ್ದೆಲ್ಲ ಹೆಚ್ಚುಕಡಿಮೆ ಪಿಯಾನೋ ಒಂದಕ್ಕೇ. ಇನ್ನೊಂದು ವಾದ್ಯವನ್ನು ಜೊತೆಗೆ ಕರೆದದ್ದು ಬೆರಳೆಣಿಕೆಯಷ್ಟು ಸಲ. ಹಾಗೆ ಕರೆದಾಗ ಹೆಚ್ಚಾಗಿ ಕರೆದದ್ದು ಚೆಲ್ಲೋವನ್ನು, ಏಕೆಂದರೆ ಅವನ ಆಪ್ತಮಿತ್ರ ಫ್ರಾಂಕೋಮ್ ಚೆಲ್ಲೋ ವಾದಕ. ಈ ಸೊನಾಟಾವನ್ನು 1845, 46ರಲ್ಲಿ ಬರೆದ. ಕ್ಷಯ ಅವನನ್ನು ತಿನ್ನುತ್ತಿದ್ದ ಕಾಲ. ಗೀಚಿ ಹೊಡೆದು ಮತ್ತೆ ಗೀಚಿ, ಒಮ್ಮೆ ಹಿಡಿಸಿತು, ಒಮ್ಮೆ ಬೇಡವಾಯಿತು ಎಂದು ಮನೆಯವರಿಗೆ ಕಾಗದ ಬರೆದಿದ್ದಾನೆ. 1847ರಲ್ಲಿ ಅಚ್ಚಾಯಿತು. ಅವನು ಬದುಕಿದ್ದಾಗ ಅಚ್ಚಾದ ಕೊನೆಯ ದೊಡ್ಡ ಕೃತಿ ಅದೇ. 1848ರ ಫೆಬ್ರವರಿ 16ರಂದು ಅವನ ಕಡೆಯ ಪ್ಯಾರಿಸ್ ಕಚೇರಿ ನಡೆದಾಗ ಗೆಳೆಯನೊಂದಿಗೆ ಈ ಸೊನಾಟಾದ ಮೂರು ಭಾಗಗಳನ್ನು ನುಡಿಸಿದ, ಮೊದಲನೆಯದನ್ನು ಬಿಟ್ಟ. ಮರುವರ್ಷ ಅಕ್ಟೋಬರ್ 17ಕ್ಕೆ ತೀರಿಕೊಂಡ. ಮೂವತ್ತೊಂಬತ್ತು ವರ್ಷ. ಹಾಸಿಗೆಯ ಪಕ್ಕ ಗೆಳೆಯರು ಇದೇ ಸೊನಾಟಾ ಶುರುಮಾಡಿದಾಗ ಕೆಮ್ಮು ಉಕ್ಕಿ ಬಂದು ನಿಲ್ಲಿಸಬೇಕಾಯಿತೆಂದು ಹೇಳುತ್ತಾರೆ.

ಮಿಸ್ಸಮ್ಮನಿಗೆ ಪ್ರಿಯವಾದದ್ದು ಅದರ ಮೂರನೆಯ ಭಾಗ, ಲಾರ್ಗೋ. ಬರೀ ಇಪ್ಪತ್ತೇಳು ಅಳತೆಗಳು, ನಾಲ್ಕು ನಿಮಿಷದೊಳಗೆ ಮುಗಿದುಹೋಗುತ್ತದೆ. ಮೊದಲು ಚೆಲ್ಲೋ ಹಾಡುತ್ತದೆ, ಪಿಯಾನೋ ಹೆಜ್ಜೆ ಹಾಕುತ್ತದೆ. ಆಮೇಲೆ ಪಿಯಾನೋ ಆ ಮಾತನ್ನೇ ಎತ್ತಿಕೊಳ್ಳುತ್ತದೆ. ಹೀಗೆ ಕೈಯಿಂದ ಕೈಗೆ. ಇಬ್ಬರೂ ಯಾಕೆ ಬೇಕು ಎಂಬುದನ್ನು ಮಿಸ್ಸಮ್ಮ ಒಂದು ಸ್ವರ ಒತ್ತಿ ತೋರಿಸಿಕೊಟ್ಟರು. ಪಿಯಾನೋದ ಕೀಲಿ ಒತ್ತಿದರೆ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ. ಬಡಿದ ಕ್ಷಣದಿಂದಲೇ ಸ್ವರ ಇಳಿಯತೊಡಗುತ್ತದೆ; ಎಂಥ ವಿದ್ವಾಂಸನಿಗೂ ಅದನ್ನು ಮತ್ತೆ ಏರಿಸಲಾಗದು. ಗಮಕ ಅಂತೂ ಇಲ್ಲವೇ ಇಲ್ಲ. ಕಮಾನಿನ ವಾದ್ಯ ಹಾಗಲ್ಲ, ಹಿಡಿದ ಸ್ವರವನ್ನು ಉಸಿರಿನಂತೆ ಬೆಳೆಸಬಹುದು, ಜಾರಿಸಬಹುದು. ಆದರೆ ಅದಕ್ಕೆ ನಿಲ್ಲಲು ನೆಲ ಬೇಕು. ಹತ್ತು ಬೆರಳಿಗೆ ಹತ್ತು ಸ್ವರ ಏಕಕಾಲಕ್ಕೆ ಹಾಸುವುದು ಪಿಯಾನೋಗೆ ಮಾತ್ರ ಸಾಧ್ಯ.

1984ರಲ್ಲಿ ಪರ್ತ್‌ನಿಂದ ಒಂದು ಪಾರ್ಸೆಲ್ ಬಂತು. ಒಳಗೆ ಒಂದು ಕ್ಯಾಸೆಟ್ಟು. ತಮ್ಮ ತನ್ನ ಪಾಲಿನ ಚೆಲ್ಲೋವನ್ನಷ್ಟೇ ನುಡಿಸಿ ತುಂಬಿಸಿ ಕಳಿಸಿದ್ದ, ಅಕ್ಕ ಅದರ ಜೊತೆ ನುಡಿಸಿಕೊಳ್ಳಲಿ ಎಂದು. ಮಿಸ್ಸಮ್ಮನ ಎರಡೂ ಕೈ ಪಿಯಾನೋ ಮೇಲಿರಬೇಕಾದ್ದರಿಂದ ಟೇಪ್‌ರೆಕಾರ್ಡರಿನ ಗುಂಡಿ ಒತ್ತಲು ನನ್ನನ್ನು ಕರೆದರು. ನನ್ನ ಬಾಲ ಹಿಡಿದು ನನ್ನ ತಮ್ಮನೂ ಬಂದ, ಹನ್ನೆರಡು ವರ್ಷದ ತರಲೆ. ಟೇಪಿನಲ್ಲಿ ಮೊದಲು ಕುರ್ಚಿ ಕಿರುಗುಟ್ಟಿತು. ಯಾವುದೋ ಮಗು ಏನೋ ಕೇಳಿತು, ಅದನ್ನು ಸುಮ್ಮನಿರಿಸಿದರು. ಆಮೇಲೆ ಗಂಡುದನಿ ಒಂದು, ಎರಡು, ಮೂರು ಎಂದು ಇಂಗ್ಲಿಷಿನಲ್ಲಿ ಎಣಿಸಿತು. ಹದಿನೈದು ವರ್ಷದ ಮೇಲೆ ಕೇಳಿದ ದನಿ. ಮಿಸ್ಸಮ್ಮ ನುಡಿಸಲೇ ಇಲ್ಲ. ಚೆಲ್ಲೋ ಒಂಟಿಯಾಗಿ ಹಾಡಿ, ಮಧ್ಯೆ ಮಧ್ಯೆ ಪಿಯಾನೋಗೆಂದು ಸುಮ್ಮನಿದ್ದು, ಮುಗಿಸಿತು. ಅವನದೂ ಅರ್ಧವೇ ಸಂಗೀತ, ಬಿಡುವುಗಳು ಮಾತ್ರ ಬೇರೆ ಕಡೆ.

"ಮತ್ತೆ ಹಾಕು" ಎಂದರು. ಈ ಸಲ ಜೊತೆಗೆ ನುಡಿಸಿದರು. ಅಯ್ಯೋ, ಕರ್ಕಶ! ಶ್ರುತಿಪೆಟ್ಟಿಗೆ ಒಂದು ಕಡೆ, ವೀಣೆ ಇನ್ನೊಂದು ಕಡೆ ಹೋದಾಗ ಆಗುವಂಥದು. ಕಾರಣ ಇಷ್ಟೆ: ಆ ಪಿಯಾನೋದ ತಂತಿಗಳಿಗೆ ತುಕ್ಕು ಹಿಡಿದಿತ್ತು, ಬಿಗಿದರೆ ಕಿತ್ತುಬರುತ್ತವೆಂದು ಶ್ರುತಿ ಮಾಡುವ ಮುದುಕ ವರ್ಷಾಂತರದಿಂದ ಅದನ್ನು ಅರ್ಧ ಸ್ವರ ಇಳಿಸಿಯೇ ಇಟ್ಟಿದ್ದ. ಒಂಟಿಯಾಗಿ ನುಡಿಸುವವರಿಗೆ ಅದರಿಂದೇನೂ ತೊಂದರೆಯಿರಲಿಲ್ಲ. ತಮ್ಮನ ಚೆಲ್ಲೋ ಮಾತ್ರ ಲೋಕದ ಶ್ರುತಿಯಲ್ಲಿತ್ತು.

ಮಿಸ್ಸಮ್ಮ ಮುಚ್ಚಳ ಹಾಕಿ ಏಳುವುದರಲ್ಲಿದ್ದರು. ನನ್ನ ತಮ್ಮ, "ಶೆಲ್ಲು ವೀಕ್ ಆದ್ರೆ ಟೇಪು ನಿಧಾನ ಆಗುತ್ತೆ, ಸೌಂಡೂ ಇಳಿಯುತ್ತೆ" ಎಂದ. ಅವನಿಗೆ ಸಿನಿಮಾ ಹಾಡುಗಳನ್ನು ಭೂತದ ದನಿಯಲ್ಲಿ ಕೇಳಿ ಅನುಭವವಿತ್ತು! ಮನೆಗೆ ಓಡಿ ಅಪ್ಪನ ಟಾರ್ಚಿನ ಸತ್ತುಹೋಗುತ್ತಿದ್ದ ಶೆಲ್ಲುಗಳನ್ನು ತಂದು ಹಾಕಿದ. ನಿಜವಾಗಿಯೂ ಇಳಿಯಿತು. ಎಣಿಸುವ ದನಿ ಸ್ವಲ್ಪ ಗಡುಸಾಗಿ, ವಯಸ್ಸಾದವರಂತೆ ಕೇಳಿತು. ಚೆಲ್ಲೋ ಬಂತು, ಪಿಯಾನೋ ಸೇರಿತು, ಎರಡೂ ಒಂದಾದವು. ಮೈ ಜುಮ್ಮೆಂದಿತು. ಹೆಚ್ಚೆಂದರೆ ಒಂದು ನಿಮಿಷ. ಶೆಲ್ಲು ಇನ್ನೂ ಕುಗ್ಗುತ್ತಾ ಹೋಯಿತು. ಪರ್ತ್‌ನ ತಮ್ಮ ನಿಧಾನವಾದ, ಅವನಿಗಾಗಿ ಅಕ್ಕನೂ ನಿಧಾನವಾದರು, ಅವನು ಮತ್ತೂ ನಿಧಾನವಾದ, ಕಡೆಗೆ ಎಮ್ಮೆ ಕೂಗಿದಂತೆ ಒಂದು ಸದ್ದಾಗಿ ಟೇಪು ನಿಂತಿತು. ನಾವು ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಒಳಗಿನ ಕೋಣೆಯಿಂದ ಅವರ ತಾಯಿ ಮಗನ ಹೆಸರು ಹಿಡಿದು ಕರೆದು, ಬಂದನೇನೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಗು ಅಲ್ಲಿಗೆ ನಿಂತಿತು.

ಆಮೇಲೆ ಆ ಕ್ಯಾಸೆಟ್ಟು ಹಾಕಿದ್ದನ್ನು ನಾನು ಕೇಳಲಿಲ್ಲ. "ಟೇಪು ಕಾಯಲ್ಲ ಕಣಮ್ಮಾ. ಅವ್ನು ಕಾಯ್ತಿದ್ದ" ಎಂದಿದ್ದರು ಮಿಸ್ಸಮ್ಮ.

ಪಶ್ಚಿಮದ ಸಂಗೀತವೆಂದರೆ ನಮಗೆ ಸಂಬಂಧವಿಲ್ಲದ್ದು ಎಂದು ಮೂಗು ಮುರಿಯುವವರಿಗೆ ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಮಿಸ್ಸಮ್ಮ ಆಗಾಗ 'ನಿಮ್ಮ ಮಹಾರಾಜರು' ಎನ್ನುತ್ತಿದ್ದರು. 1947ರವರೆಗೆ ದಂಡು ಪ್ರದೇಶ ಮೈಸೂರಿಗೆ ಸೇರಿರಲಿಲ್ಲವಲ್ಲ, ಹಾಗಾಗಿ ಆ 'ನಿಮ್ಮ'. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಕೃತಿ ರಚಿಸಿದ್ದು ನಮಗೆಲ್ಲ ಗೊತ್ತು. ಪಿಯಾನೋ ವಾದಕರಾಗಬೇಕೆಂದು ಅವರು ಹಂಬಲಿಸಿದ್ದರು ಎಂಬುದು ಎಷ್ಟು ಜನಕ್ಕೆ ಗೊತ್ತು? 1940ರಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡು, ಸಿಂಹಾಸನ ಬಂದು ಆ ಹಂಬಲಕ್ಕೆ ಅಡ್ಡ ಕೂತಿತು. ಲಂಡನ್ನಿನಲ್ಲಿ ಬಡತನದಲ್ಲಿ ಮುದುಕನಾಗುತ್ತಿದ್ದ ಮೆಡ್ಟ್‌ನರ್ ಎಂಬ ರಷ್ಯಾದ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟವರು ಇವರೇ. ಆತ ತನ್ನ ಮೂರನೆಯ ಪಿಯಾನೋ ಕಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ತಾವು ನುಡಿಸಲಾಗದ್ದನ್ನು ಇನ್ನೊಬ್ಬರಿಂದ ನುಡಿಸಿ ಕೇಳಿದರು. ಅರಸರಿಗೆ ಆ ಅನುಕೂಲವಿತ್ತು.

ನಮ್ಮಪ್ಪ ಕೃಷ್ಣರಾಜಪುರದ ಹತ್ತಿರ ದೂರವಾಣಿನಗರದ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನು ತಯಾರಿಸುತ್ತಿದ್ದರು. ದೇಶಕ್ಕೆಲ್ಲ ಫೋನು ಮಾಡಿಕೊಟ್ಟವರ ಮನೆಗೆ ಫೋನು ಬಂದದ್ದು 1994ರಲ್ಲಿ, ಅಪ್ಪ ತೀರಿಕೊಂಡ ವರ್ಷ. ನನಗೆ ಆಗ ಕೆಲಸ ಸಿಕ್ಕಿ ಎರಡು ವರ್ಷ. ತಮ್ಮನ ಎಂಜಿನಿಯರಿಂಗು ನನ್ನ ಸಂಬಳದಲ್ಲಿ ಮುಗಿಯಿತು. 1998ರಲ್ಲಿ ಅವನೂ ಸೂಟ್‌ಕೇಸು ಕಟ್ಟಿದ, ಅಮೆರಿಕಕ್ಕೆ. ಹೋಗುವ ಹಿಂದಿನ ಸಂಜೆ ಮಿಸ್ಸಮ್ಮನಿಗೆ ಹೇಳಿಬರಲು ಹೋದ. ಅವರ ತಾಯಿ ಅಷ್ಟು ಹೊತ್ತಿಗೆ ಇರಲಿಲ್ಲ. ಅವನಿಗೆ ಕೇಕು ಕೊಟ್ಟರು, ನನ್ನನ್ನು ಮಾತ್ರ ಬಹಳ ಹೊತ್ತು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ. ನನಗೆ ಉದ್ಯೋಗವಿತ್ತು, ಶಾಲೆ ತುಂಬಾ ಮಕ್ಕಳಿದ್ದರು. ಉಳಿದವಳೆಂದು ಯಾರಾದರೂ ಕನಿಕರಪಟ್ಟರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಹೋದವನ ಬಗ್ಗೆ ಬರುವುದಿಲ್ಲ. ಕಳಿಸಿದವಳು ನಾನೇ.

ಶೋಪ್ಯಾನ್‌ಗೂ ಒಬ್ಬಳು ಅಕ್ಕ ಇದ್ದಳು, ಲುದ್ವಿಕಾ. ವಾರ್ಸಾದಲ್ಲಿ ಉಳಿದವಳು. ಕಡೆಗಾಲದಲ್ಲಿ ತಮ್ಮ ಕರೆದನೆಂದು ಗಂಡ, ಮಗಳನ್ನು ಕರೆದುಕೊಂಡು ಪ್ಯಾರಿಸ್ಸಿಗೆ ಬಂದು ಅವನ ಶುಶ್ರೂಷೆ ಮಾಡಿದಳು. ಅವನ ದೇಹವನ್ನು ಅಲ್ಲೇ ಮಣ್ಣು ಮಾಡಿದರು. ಹೃದಯವನ್ನು ಮಾತ್ರ ಒಂದು ಜಾಡಿಯಲ್ಲಿಟ್ಟುಕೊಂಡು, ಗಡಿಯ ಕಾವಲಿನವರ ಕಣ್ಣುತಪ್ಪಿಸಿ, ಆಕೆ ವಾರ್ಸಾಕ್ಕೆ ಒಯ್ದಳು. ಈಗ ಅದು ಅಲ್ಲಿನ ಹೋಲಿ ಕ್ರಾಸ್ ಚರ್ಚಿನ ಕಂಬವೊಂದರಲ್ಲಿದೆ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ದೇಹವನ್ನು ಮಣ್ಣಿಗೆ ಕೊಟ್ಟು ಹೃದಯವನ್ನು ಮಡಿಲಲ್ಲಿಟ್ಟುಕೊಂಡು ಬಂಡಿಯಲ್ಲಿ ದಿನಗಟ್ಟಲೆ ಕೂತವಳಿಗೆ ದಾರಿಯಲ್ಲಿ ಹಸಿವೆ ಆಗುತ್ತಿತ್ತೇ, ನಿದ್ದೆ ಬರುತ್ತಿತ್ತೇ? ಚರಿತ್ರೆಯ ಪುಸ್ತಕಗಳು ಅದನ್ನೆಲ್ಲ ಬರೆಯುವುದಿಲ್ಲ.

ಮಿಸ್ಸಮ್ಮ 2006ರಲ್ಲಿ ಹೋದರು. ತಮ್ಮ ಬರಲಿಲ್ಲ; ಅವನಿಗೂ ಪ್ರಯಾಣ ಮಾಡುವ ಆರೋಗ್ಯವಿರಲಿಲ್ಲವಂತೆ. ಮನೆ ಮಾರಾಟವಾಯಿತು. ಪಿಯಾನೋ ಹೊರಗೆ ತರಲು ಎಂಟು ಜನ ಬೇಕಾಯಿತು. ಒಳಗೆ ಅಷ್ಟು ದೊಡ್ಡ ಎರಕದ ಕಬ್ಬಿಣದ ಚೌಕಟ್ಟು ಇರುತ್ತದೆಂದು ನಾನು ನೋಡಿದ್ದು ಆಗಲೇ. ಹೊಸಿಲು ದಾಟಿಸುವಾಗ ಕೆಳಗಿಟ್ಟರು, ತಂತಿಗಳೆಲ್ಲ ಒಟ್ಟಿಗೆ ಗುಂಯ್ ಎಂದವು. ಗೆದ್ದಲು ತಿಂದ ಹಲಗೆಗೆ ಬೆಲೆಯಿಲ್ಲವೆಂದು ಕೊಂಡವನು ಚೌಕಾಸಿ ಮಾಡುತ್ತಿದ್ದ. ಈಗ ಆ ಜಾಗದಲ್ಲಿ ಯಾವುದೋ ವಿದೇಶಿ ಹೂವಿನ ಹೆಸರಿನ ಅಪಾರ್ಟ್‌ಮೆಂಟು.

ಆ ಸೊನಾಟಾವನ್ನು ನಾನು ಪೂರ್ತಿ ಕೇಳಿದ್ದು 2014ರಲ್ಲಿ, ಇಂದಿರಾನಗರದ ಒಂದು ಪುಟ್ಟ ಸಭಾಂಗಣದಲ್ಲಿ. ಸಹೋದ್ಯೋಗಿಯೊಬ್ಬಳ ಮಗಳು ಪಿಯಾನೋ ಕಲಿಯುತ್ತಿದ್ದಳು, ಅವಳಿಗೆ ಜೊತೆಯಾಗಿ ಹೋಗಿದ್ದೆ. ಹೊರಗೆ ಸಿ.ಎಂ.ಎಚ್. ರಸ್ತೆಯ ಮೇಲೆ ಮೆಟ್ರೋ ಓಡಾಡುವ ಸದ್ದು ಸಣ್ಣಗೆ ಕೇಳುತ್ತಿತ್ತು. ಚೆಲ್ಲೋ ನುಡಿಸಿದ್ದು ಒಬ್ಬ ಹುಡುಗ, ಪಿಯಾನೋಗೆ ಒಬ್ಬ ಹೆಂಗಸು. ಕಾರ್ಯಕ್ರಮದ ಚೀಟಿಯಲ್ಲಿ ಶೋಪ್ಯಾನ್ ಹೆಸರು ಕಂಡಾಗ ಎದೆ ಹೊಡೆದುಕೊಂಡಿತು. ಮೊದಲ ಎರಡು ಭಾಗ ದೊಡ್ಡವು, ಗದ್ದಲದವು, ನನಗೆ ಅಷ್ಟು ಹಿಡಿಯಲಿಲ್ಲ. ಆಮೇಲೆ ಲಾರ್ಗೋ.

ಸಭೆಯವರೆಲ್ಲ ಚೆಲ್ಲೋ ಹುಡುಗನನ್ನೇ ನೋಡುತ್ತಿದ್ದರು, ದನಿ ಇದ್ದದ್ದು ಅಲ್ಲಿಯೇ. ನನ್ನ ಕಿವಿ ಮಾತ್ರ ಆ ನಾಲ್ಕು ಹೆಜ್ಜೆಗೆ ಕಟ್ಟಿಹೋಗಿತ್ತು. ಈಗ ನಿಲ್ಲುತ್ತದೆ, ಈಗ ಮತ್ತೆ ಹೊರಡುತ್ತದೆ ಎಂದು ನನಗೆ ಗೊತ್ತಿತ್ತು. ನಿಂತ ಕಡೆಯೆಲ್ಲ ಚೆಲ್ಲೋ ಇತ್ತು. ಸಾವಿರ ರಾತ್ರಿ ಖಾಲಿ ಕೇಳಿದ್ದ ಜಾಗಗಳು ಒಂದೊಂದಾಗಿ ತುಂಬುತ್ತಾ ಹೋದವು. ಒಂದು ಕಡೆ ಚೆಲ್ಲೋ ಹುಡುಗ ಸ್ವರವನ್ನು ಸ್ವಲ್ಪ ಹಿಗ್ಗಿಸಿದ. ಪಿಯಾನೋ ಹೆಂಗಸು ಅವನ ಕಮಾನು ನೋಡುತ್ತಾ, ಬೆರಳನ್ನು ಕೀಲಿಯ ಮೇಲೆ ಹಾಗೇ ಇಟ್ಟುಕೊಂಡು, ಅವನು ಬರುವವರೆಗೆ ತಡೆದಳು. ಅರ್ಧ ಗಳಿಗೆಯೂ ಇಲ್ಲ. ನನ್ನ ಜೊತೆಯ ಹುಡುಗಿ, "ಆಂಟಿ, ಯಾಕೆ ಅಳ್ತಿದೀರ?" ಎಂದು ಕರ್ಚೀಫು ಕೊಟ್ಟಳು. ಎ.ಸಿ. ಗಾಳಿ ಎಂದೆ.

ನನ್ನ ತಮ್ಮ ಈಗ ನ್ಯೂಜೆರ್ಸಿಯಲ್ಲಿದ್ದಾನೆ. ಈ ಮನೆ ಮಾರಿ ನಾವಿಬ್ಬರೂ ಯಾವುದಾದರೂ ಲಿಫ್ಟಿರುವ ಫ್ಲಾಟಿಗೆ ಹೋಗಬೇಕೆಂದು ಅವನ ಒತ್ತಾಯ. ಬಿಲ್ಡರೊಬ್ಬರು ಎರಡು ಸಲ ಬಂದುಹೋಗಿದ್ದಾರೆ. ಮೊನ್ನೆ ಕಾಗದಪತ್ರಗಳನ್ನೆಲ್ಲ ತೆಗೆದಿಟ್ಟೆ, ಸಹಿ ಇನ್ನೂ ಹಾಕಿಲ್ಲ. ಅಮ್ಮನಿಗೆ ಎಂಬತ್ತು ದಾಟಿ ಕಿವಿ ಮಂದವಾಗಿದೆ. ಭಾನುವಾರ ಬೆಳಿಗ್ಗೆ ಏಳೂವರೆಗೆ ಅವನ ಫೋನು, ಅಲ್ಲಿ ಶನಿವಾರ ರಾತ್ರಿ. ಈಗ ಮುಖವೂ ಕಾಣುತ್ತದೆ. ಆದರೂ ಇವಳು ಕೇಳಿದ್ದು ಅವನಿಗೆ ತಲುಪುವಷ್ಟರಲ್ಲಿ ಒಂದು ಕ್ಷಣ ತಡ. ಅವನು ಉತ್ತರಿಸುವ ಹೊತ್ತಿಗೆ ಇವಳು ಮುಂದಿನದನ್ನು ಶುರುಮಾಡಿರುತ್ತಾಳೆ. ಇಬ್ಬರ ಮಾತೂ ಒಂದರ ಮೇಲೊಂದು ಬೀಳುತ್ತದೆ. "ನಿಧಾನ, ಅವನು ಹೇಳಿ ಮುಗಿಸಲಿ" ಎಂದು ನಾನು ಅಮ್ಮನ ಕೈ ಹಿಡಿದುಕೊಂಡು ಕೂರುತ್ತೇನೆ, ಅವನ ಸರದಿ ಮುಗಿದಾಗ ಒತ್ತುತ್ತೇನೆ. ಈಗ ಅದು ಅವಳಿಗೆ ಅಭ್ಯಾಸವಾಗಿದೆ. ಆರೂವರೆಗೇ ಎದ್ದು ತಲೆ ಬಾಚಿ, ಕಿವಿಗೆ ಮಷೀನು ಹಾಕಿಸಿಕೊಂಡು, ಫೋನಿನ ಮುಂದೆ ಕೈ ಚಾಚಿ ಕೂತಿರುತ್ತಾಳೆ.